ಮೊದಲು ಟೆಂಟೋ, ದೋಣಿಯೋ? ಬಳ್ಳಾರಿ ಜಾಲಿಯ ಸೀಮೆಯಲ್ಲಿ ಸಾಮಾನು ಆರಿಸುವುದು

ಪ್ರಶ್ನೆ: ನಾನು ಕೊಪ್ಪಳದಲ್ಲಿ ಶಾಲಾ ಶಿಕ್ಷಕಿ. ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗಳು, ಮೂವರೂ ಈ ಚಳಿಗಾಲದಿಂದ ಆಗಾಗ ಹೊರಗೆ ಟೆಂಟ್ ಹಾಕಿ ಮಲಗಬೇಕು, ಕೆರೆಯಲ್ಲಿ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ನಡೆಸಬೇಕು ಅಂತ ಆಸೆ ಪಟ್ಟಿದ್ದೇವೆ. ಕೈಯಲ್ಲಿ 30,000 ರೂಪಾಯಿ ಇದೆ. ಗಾಳಿ ತುಂಬುವ ಕಯಾಕ್ ಒಂದಕ್ಕೇ ಹೆಚ್ಚುಕಡಿಮೆ ಅಷ್ಟು ಬೇಕು ಅನ್ನುತ್ತಾರೆ. ಮೊದಲು ಅದನ್ನು ಕೊಳ್ಳುವುದಾ, ಟೆಂಟ್ ಕೊಳ್ಳುವುದಾ? ಹಾಸಿಗೆ, ಬ್ಯಾಗು ಎಂಥವು ಬೇಕು? ಬೆಂಗಳೂರಿನಲ್ಲಿರುವ ನಮ್ಮ ಮಾವನ ಮಗ ತನ್ನ ಹನ್ನೆರಡು ವರ್ಷ ಹಳೆಯ ಟೆಂಟ್ ಕೊಡುತ್ತೇನೆ ಅಂದಿದ್ದಾನೆ. ಅದು ನಡೆಯುತ್ತದಾ? ಒಂದು ಮಾತು, ಮಗಳಿಗೆ ಈಜು ಬರುವುದಿಲ್ಲ.

ಉತ್ತರ: ಮೇಡಂ, ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಮಗಳಿಗೆ ಈಜು ಬರುವುದಿಲ್ಲ ಅಂದಿರಿ. ಹಾಗಾದರೆ ನಿಮ್ಮ 30,000ದಲ್ಲಿ ಮೊದಲ ರೂಪಾಯಿ ಟೆಂಟಿಗೂ ಅಲ್ಲ, ದೋಣಿಗೂ ಅಲ್ಲ. ಮೂರು ಲೈಫ್ ಜಾಕೆಟ್‌ಗಳಿಗೆ. ನಿಮ್ಮದೇ ಜಾಕೆಟ್, ನಿಮ್ಮ ಅಳತೆಯ ಜಾಕೆಟ್. ಬಾಡಿಗೆಯದ್ದಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಬಾಡಿಗೆ ಜಾಕೆಟ್‌ಗಳನ್ನು ನಾನು ಬಿಚ್ಚಿ ನೋಡಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ದೋಣಿ ವಿಹಾರದ ಜಾಗದಲ್ಲಿ ಗುಜರಿಗೆ ಹಾಕಲು ರಾಶಿ ಮಾಡಿದ್ದರು. ಕೇಳಿ ಎರಡು ತಂದೆ. ಮನೆಯಲ್ಲಿ ಹೊಲಿಗೆ ಕಿತ್ತೆ. ಒಂದರ ಒಳಗೆ ಥರ್ಮಾಕೋಲ್ ಹಲಗೆ ಇತ್ತು, ನಾಲ್ಕು ತುಂಡಾಗಿತ್ತು. ಅಂಚು ಉದುರಿ ಸಾಬೂದಾಣಿ ಥರ ಕಾಳು ಕಾಳಾಗಿ ಕೆಳಗೆ ಸೇರಿತ್ತು. ಇನ್ನೊಂದರ ಬಕಲ್‌ನ ಒಂದು ಹಲ್ಲು ಮುರಿದಿತ್ತು. ಹೊರಗಿಂದ ನೋಡಿದರೆ ಎರಡೂ ಕಿತ್ತಳೆ ಬಣ್ಣದ ಒಳ್ಳೆ ಜಾಕೆಟ್‌ಗಳೇ. ಅವತ್ತಿನಿಂದ ಯಾವ ಜಾಕೆಟ್ ಕೈಗೆ ಬಂದರೂ ಮೊದಲು ಹಿಂಡಿ ನೋಡುತ್ತೇನೆ. ಫೋಮ್ ಆದರೆ ಮೆತ್ತಗೆ ಒತ್ತಿಕೊಂಡು ಮತ್ತೆ ಉಬ್ಬುತ್ತದೆ. ಥರ್ಮಾಕೋಲ್ ಆದರೆ ಕರಕರ ಅನ್ನುತ್ತದೆ. ಕರಕರ ಅಂದದ್ದನ್ನು ಅಲ್ಲೇ ಬಿಟ್ಟುಬಿಡಿ.

ಜಾಕೆಟ್ ಒಳಗಿನ ಚೀಟಿಯಲ್ಲಿ ನ್ಯೂಟನ್ ಲೆಕ್ಕ ಇರುತ್ತದೆ. 50 ಅಂತ ಬರೆದಿದ್ದರೆ ಅದು ಈಜು ಬರುವವರಿಗೆ, ದಡದ ಹತ್ತಿರ ಇರುವವರಿಗೆ. ಸುಮಾರು ಐದು ಕೆಜಿ ಭಾರ ಎತ್ತಿ ಹಿಡಿಯುವ ಶಕ್ತಿ ಅದು. ಐದೇ ಕೆಜಿನಾ ಅಂತ ಗಾಬರಿ ಬೇಡ. ನೀರೊಳಗೆ ನಮ್ಮ ಮೈಯ ಭಾರವನ್ನು ನೀರೇ ಬಹುಪಾಲು ಹೊರುತ್ತದೆ. ಬಾಯಿ ಮೂಗು ಮೇಲಿರಲು ಅಷ್ಟು ಸಾಕು. ಆದರೆ 50ರ ಜಾಕೆಟ್ ಪ್ರಜ್ಞೆ ತಪ್ಪಿದವರನ್ನು ಅಂಗಾತ ತಿರುಗಿಸುವುದಿಲ್ಲ. ಮಗಳಿಗೆ 100ರದ್ದು ತಗೊಳ್ಳಿ. ಕುತ್ತಿಗೆ ಹಿಂದೆ ಕಾಲರ್ ಇರುತ್ತದೆ, ಅದು ತಲೆಯನ್ನು ಎತ್ತಿ ಹಿಡಿದು ಮುಖ ಮೇಲಾಗುವಂತೆ ಮಾಡುತ್ತದೆ. ಮಕ್ಕಳದ್ದನ್ನು ವಯಸ್ಸಿನ ಮೇಲೆ ಅಲ್ಲ, ತೂಕದ ಮೇಲೆ ಆರಿಸಬೇಕು. ತೊಡೆಸಂದಿನಲ್ಲಿ ಹಾಯಿಸುವ ಪಟ್ಟಿ ಇರಲೇಬೇಕು. ಇಲ್ಲದಿದ್ದರೆ ಮಗು ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲುತ್ತದೆ, ಮಗು ಅದರೊಳಗಿಂದ ಕೆಳಕ್ಕೆ ಜಾರುತ್ತದೆ.

ಅಳತೆ ನೋಡುವುದು ಸುಲಭ. ಬಕಲ್ ಎಲ್ಲ ಹಾಕಿ, ಮಗಳಿಗೆ ಎರಡೂ ಕೈ ಮೇಲೆತ್ತಲು ಹೇಳಿ. ನೀವು ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ ಗದ್ದ ದಾಟಿ ಕಿವಿ ಮುಟ್ಟಿತು ಅಂದರೆ ದೊಡ್ಡದು. "ಮುಂದಿನ ವರ್ಷಕ್ಕೂ ಆಗಲಿ" ಅಂತ ಯೂನಿಫಾರ್ಮ್ ಹೊಲಿಸಿದ ಹಾಗೆ ದೊಡ್ಡದು ತರಬೇಡಿ. ಆಮೇಲೆ ಸೊಂಟದಷ್ಟು ನೀರಿನಲ್ಲಿ ನೀವು ಪಕ್ಕದಲ್ಲೇ ನಿಂತು ಒಮ್ಮೆ ತೇಲಿಸಿ. ಮಗುವಿಗೆ ಆ ಅನುಭವ ಮೊದಲೇ ಆಗಬೇಕು. ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿ, ಊದಲು ಕಲಿಸಿ.

ಇನ್ನು ದೋಣಿ. ಮೊದಲ ವರ್ಷ ಕಯಾಕ್ ಕೊಳ್ಳಬೇಡಿ. ನಾನು ಹೀಗೆ ಹೇಳುವುದಕ್ಕೆ ಕಾರಣ ನನ್ನದೇ ಒಂದು ದೋಣಿ.

ಗಾಳಿ ತುಂಬುವ ಎರಡು ಸೀಟಿನ ಕಯಾಕ್ ತರಿಸಿದ್ದೆ. ಮಾರ್ಚ್ ತಿಂಗಳು. ಬೆಳಿಗ್ಗೆ ಆರೂವರೆಗೆ ಸಣಾಪುರ ಕೆರೆ ದಂಡೆಯಲ್ಲಿ ಕೂತು ಪಂಪ್ ಹೊಡೆದೆ. ಗಾಳಿ ತಂಪಾಗಿತ್ತು. ಡ್ರಮ್ಮಿನ ಥರ ಬಿಗಿಯಾಗುವವರೆಗೂ ತುಂಬಿದೆ. ಎರಡು ತಾಸು ಚೆನ್ನಾಗಿ ಸುತ್ತಾಡಿದೆವು. ಒಂಬತ್ತರ ಸುಮಾರಿಗೆ ದೋಣಿಯನ್ನು ಬಂಡೆ ಮೇಲೆ ಎಳೆದು ಹಾಕಿ ಬುತ್ತಿ ಬಿಚ್ಚಿದೆವು. ಅಲ್ಲಿ ಹರಿಗೋಲು ಹಾಕುವ ಹಿರಿಯರೊಬ್ಬರಿದ್ದರು. "ಸರ, ಹವಾ ತುಂಬಿದ್ದನ್ನ ಬಿಸಲಾಗ ಬಂಡಿ ಮ್ಯಾಲ ಬಿಡಬ್ಯಾಡ್ರಿ, ಒಡಿತೈತಿ" ಅಂದರು. ಆಯ್ತು ಕಾಕಾ, ಐದೇ ನಿಮಿಷ ಅಂದೆ. ರೊಟ್ಟಿ, ಶೇಂಗಾ ಚಟ್ನಿ, ಮಾತು, ಮತ್ತೆ ಮಾತು. ಹನ್ನೊಂದರ ಹೊತ್ತಿಗೆ ಟ್ರ್ಯಾಕ್ಟರ್ ಟೈರ್ ಒಡೆದಂಥ ಸದ್ದು. ಒಂದು ಬದಿಯ ಕೊಳವೆ ಹೊಲಿಗೆಯುದ್ದಕ್ಕೂ ಒಂದು ಮೊಳ ಬಿಟ್ಟುಕೊಂಡಿತ್ತು. ಕಂಪನಿಗೆ ಬರೆದರೆ ಹೊಲಿಗೆ ಬಿಟ್ಟದ್ದು ಗ್ಯಾರಂಟಿಗೆ ಬರುವುದಿಲ್ಲ ಅಂದರು.

ಆಮೇಲೆ ಲೆಕ್ಕ ಹಾಕಿದೆ. ಗಾಳಿಯ ಒತ್ತಡವನ್ನು ಪಿಎಸ್‌ಐ ಅನ್ನುವ ಮಾನದಲ್ಲಿ ಅಳೆಯುತ್ತಾರೆ. ಇಂಥ ದೋಣಿಗೆ ತುಂಬುವುದೇ ಒಂದೂವರೆ ಪಿಎಸ್‌ಐ ಆಸುಪಾಸು. ಬೆಳಿಗ್ಗೆ 25 ಡಿಗ್ರಿ ಇದ್ದ ಗಾಳಿ ಬಂಡೆ ಮೇಲೆ 55 ಡಿಗ್ರಿಗೆ ಕಾಯಿತು ಅಂದುಕೊಳ್ಳಿ. ಬಟ್ಟೆ ಹಿಗ್ಗದಿದ್ದರೆ ಒಳಗಿನ ಒತ್ತಡ ಮೂರು ಪಿಎಸ್‌ಐ ಮುಟ್ಟುತ್ತದೆ. ಅಂದರೆ ಡಬಲ್. ತಂಪು ದೇಶದವರು ಬರೆದ ಕೈಪಿಡಿಯಲ್ಲಿ ಇದು ಸಣ್ಣ ಅಕ್ಷರದ ಒಂದು ಸಾಲು. ನಮ್ಮ ಕಡೆ ಮೊದಲ ಪುಟದಲ್ಲಿ ಇರಬೇಕಾದ ಮಾತು. ದೋಣಿ ನೀರಲ್ಲಿ ಇದ್ದಾಗ ತಂಪಿಗೆ ಸ್ವಲ್ಪ ಸಡಿಲ ಆಗುತ್ತದೆ, ಆಗ ಒಂದೆರಡು ಪಂಪ್ ಹೊಡೆಯಿರಿ. ದಡಕ್ಕೆ ತಂದ ತಕ್ಷಣ ವಾಲ್ವ್ ಒತ್ತಿ ಗಾಳಿ ಬಿಡಿ. ಇಲ್ಲವೇ ನೆರಳಲ್ಲಿ, ನೀರಿನಲ್ಲೇ ಕಟ್ಟಿ ನಿಲ್ಲಿಸಿ. ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡಿಗೆ 12ರಿಂದ 15 ಪಿಎಸ್‌ಐ ತುಂಬುತ್ತಾರೆ, ಅದಕ್ಕೂ ಇದೇ ಮಾತು.

ಆ ಕಾಕಾ ಅವರ ಹರಿಗೋಲು ಮಾತ್ರ ಅದೇ ಬಂಡೆ ಮೇಲೆ ಬೋರಲು ಬಿದ್ದಿತ್ತು. ಏನೂ ಆಗಿರಲಿಲ್ಲ. ಅವತ್ತು ಅದನ್ನು ಹತ್ತಿರ ಕೂತು ನೋಡಿದೆ. ಬಿದಿರಿನ ಸೀಳು ಹೆಣೆದ ಬುಟ್ಟಿ. ಹೊರಗೆ ಗೊಬ್ಬರದ ಚೀಲಗಳನ್ನು ಸೇರಿಸಿ ಹೊಲಿದು ಡಾಂಬರು ಬಳಿದಿದ್ದಾರೆ. ಹಿಂದೆ ಚರ್ಮ ಹೊದಿಸುತ್ತಿದ್ದರು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ದಾಟುವುದನ್ನು ಬರೆದಿಟ್ಟಿದ್ದಾನೆ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ, ಬೇಕಾದರೆ ಕುದುರೆ ಎತ್ತು ಕೂಡ. ಐನೂರು ವರ್ಷವಾದರೂ ಆಕಾರ ಬದಲಾಗಿಲ್ಲ ಅಂದರೆ ಕಾರಣ ಇರಬೇಕಲ್ವಾ? ತಳ ಚಪ್ಪಟೆ, ಹಾಗಾಗಿ ಗೇಣು ನೀರಿದ್ದರೂ ತೇಲುತ್ತದೆ. ಬಂಡೆಗೆ ತಾಗಿದರೆ ಬಿದಿರು ಬಾಗುತ್ತದೆ, ಒಡೆಯುವುದಿಲ್ಲ. ನನ್ನ ಕಯಾಕ್‌ಗೆ ಅಡಿಯಲ್ಲಿ ಉದ್ದನೆಯ ರೆಕ್ಕೆ ಇತ್ತು. ನೆಟ್ಟಗೆ ಸಾಗಲಿ ಅಂತ ಕೊಟ್ಟಿರುತ್ತಾರೆ. ನಮ್ಮ ನೀರಿನಲ್ಲಿ ಅದು ಕಾಣದ ಬಂಡೆಗೆ ಸಿಕ್ಕಿ ದೋಣಿ ಗಕ್ಕನೆ ನಿಲ್ಲುತ್ತದೆ. ಮುಂದೆ ನೀವು ಕಯಾಕ್ ಕೊಂಡರೆ ಗಿಡ್ಡ ರೆಕ್ಕೆಯದ್ದು ನೋಡಿ.

ಹಾಗಾಗಿ ಮೊದಲ ವರ್ಷ ನಿಮ್ಮ ಜಾಕೆಟ್ ಹಾಕಿಕೊಂಡು, ಅನುಭವಸ್ಥ ಅಂಬಿಗರ ಜೊತೆ ಹರಿಗೋಲಿನಲ್ಲಿ ಕೂತುಕೊಳ್ಳಿ. ಹುಟ್ಟು ಕೇಳಿ ಪಡೆದು ನೀವೂ ಹಾಕಿ ನೋಡಿ. ಹರಿಗೋಲು ಗಿರಗಿರ ತಿರುಗುತ್ತದೆ. ಅವರು ಹುಟ್ಟನ್ನು ಪಕ್ಕದಲ್ಲಿ ಅಲ್ಲ, ಮುಂದೆ ಇಟ್ಟು ತಮ್ಮ ಕಡೆ ಎಳೆಯುತ್ತಾರೆ. ಅದು ಕೈಗೆ ಹತ್ತಿದ ಮೇಲೆ ಕಯಾಕ್ ನಿಮಗೆ ಆಟ. ಮಗಳಿಗೆ ಈ ವರ್ಷ ಈಜು ಕಲಿಸಿ. ನೀರು ಯಾವುದು ಅನ್ನುವುದೂ ಮುಖ್ಯ. ತುಂಗಭದ್ರಾ ಎಡದಂಡೆ ಕಾಲುವೆ ನೋಡಲು ಸೊಗಸು, ನೆಟ್ಟಗೆ ಹರಿಯುತ್ತದೆ. ಅದರಲ್ಲಿ ಎಂದೂ ಇಳಿಯಬೇಡಿ. ಎರಡೂ ಬದಿ ನುಣುಪು ಇಳಿಜಾರು, ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಜಲಾಶಯದ ಹಿನ್ನೀರು 378 ಚದರ ಕಿಲೋಮೀಟರ್ ಹರಡಿದ್ದು. ಮುನಿರಾಬಾದ್ ಕಡೆ ಬೆಳಿಗ್ಗೆ ಕನ್ನಡಿ ಥರ ಇದ್ದ ನೀರು, ಗಾಳಿ ಎದ್ದರೆ ಸಮುದ್ರದ ಥರ ಆಗುತ್ತದೆ. ಗಾಳಿ ತುಂಬಿದ ಹಗುರ ದೋಣಿ ಆಗ ಹಾಯಿಯ ಥರ ತೂರಿ ಹೋಗುತ್ತದೆ. ನದಿಯಲ್ಲಂತೂ ಬಂಡೆಗಳ ನಡುವೆ ಸುಳಿ ಇದೆ, ಡ್ಯಾಮಿನಿಂದ ನೀರು ಬಿಟ್ಟರೆ ಮಟ್ಟ ನೋಡ ನೋಡುತ್ತಾ ಏರುತ್ತದೆ, ಮೊಸಳೆಗಳೂ ಇವೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ನದಿಪಾತ್ರ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಅಲ್ಲಿನ ದಂಡೆಯಲ್ಲಿ ಟೆಂಟ್, ಬೆಂಕಿ ಯೋಚನೆಯನ್ನೇ ಬಿಡಿ.

ಪ್ಯಾಡಲ್ ಬೋರ್ಡ್ ಕೊಳ್ಳುವ ಆಸೆ ಯಾವತ್ತಾದರೂ ಬಂದರೆ ಒಂದು ಎಚ್ಚರ. ಕಣಕಾಲಿಗೆ ಕಟ್ಟುವ ಹಗ್ಗ ನಿಂತ ನೀರಿಗೆ ಮಾತ್ರ. ಹರಿಯುವ ನೀರಿನಲ್ಲಿ ಅದು ಬಂಡೆ ಸಂದಿಗೆ ಸಿಕ್ಕಿದರೆ ನೀರಿನ ರಭಸ ನಿಮ್ಮನ್ನು ಅಡಿಗೆ ಒತ್ತುತ್ತದೆ, ಕೈ ಕಾಲಿಗೆ ಎಟಕುವುದಿಲ್ಲ. ಸೊಂಟಕ್ಕೆ ಕಟ್ಟಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಹಗ್ಗ ಬರುತ್ತದೆ. ಅದನ್ನೇ ಬಳಸಿ.

ಇನ್ನು ಮಲಗುವ ವಿಚಾರ. ನೀವು ನೋಡಿದ ವಿಡಿಯೊಗಳಲ್ಲಿ ಗಾಳಿ ತುಂಬುವ ಮ್ಯಾಟ್ ತೋರಿಸಿರುತ್ತಾರೆ. ಮಡಚಿದರೆ ನೀರಿನ ಬಾಟಲಿಯಷ್ಟು, ಬಿಡಿಸಿದರೆ ಮೂರು ಇಂಚು ದಪ್ಪ. ಅದರ ಮೇಲೆ ಬೆನ್ನಿಗೆ ಬಹಳ ಸುಖ, ನಿಜ. ಆದರೆ ನಮ್ಮ ಗಿಡದ ಹೆಸರು ನೆನಪಿಸಿಕೊಳ್ಳಿ. ಇಡೀ ಕರ್ನಾಟಕ ಅದನ್ನು ಕರೆಯುವುದೇ ಬಳ್ಳಾರಿ ಜಾಲಿ ಅಂತ! ಅದರ ಮುಳ್ಳು ಚಪ್ಪಲಿ ಅಟ್ಟೆ ದಾಟಿ ಕಾಲಿಗೆ ಚುಚ್ಚುತ್ತದೆ. ಒಣಗಿದ ಮುಳ್ಳು ಮಣ್ಣಿನ ಬಣ್ಣದ್ದೇ, ಟಾರ್ಚಿಗೂ ಕಾಣುವುದಿಲ್ಲ. ಅದರ ಜೊತೆ ನೆಗ್ಗಿಲು ಮುಳ್ಳು ಬೇರೆ. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ನನ್ನ ಗಾಳಿ ಮ್ಯಾಟ್ ಮೂರನೇ ರಾತ್ರಿಗೆ ಕೂತುಬಿಟ್ಟಿತು. ಸೈಕಲ್ ಪಂಕ್ಚರ್ ಅಂಗಡಿಗೆ ಕೊಟ್ಟೆ. ಟ್ಯೂಬಿಗೆ ಹಚ್ಚುವ ಸಲ್ಯೂಷನ್ ಪಿವಿಸಿಗೆ ಹಿಡಿಯುವುದಿಲ್ಲ ಅಂತ ಆಗ ಗೊತ್ತಾಯಿತು. ಎರಡು ದಿನಕ್ಕೆ ತೇಪೆ ಕಿತ್ತು ಬಂತು. ಪಿವಿಸಿಯದ್ದೇ ಅಂಟು ಬೇಕು.

ಈಗ ನಾನು ಮಲಗುವುದು ಮಡಚುವ ಫೋಮ್ ಮ್ಯಾಟ್ ಮೇಲೆ. ಹತ್ತು ಮುಳ್ಳು ಚುಚ್ಚಿದರೂ ಅದಕ್ಕೆ ಏನೂ ಆಗುವುದಿಲ್ಲ. ಬೆಲೆಯೂ ಬಹಳ ಕಮ್ಮಿ. ಹಗಲಲ್ಲಿ ಕೂರಲು ಹಾಸಬಹುದು, ದೋಣಿಯಲ್ಲಿ ಮೊಣಕಾಲ ಕೆಳಗೆ ಹಾಕಬಹುದು. ತೆಳ್ಳಗಿದೆ ಅನ್ನಿಸಿದರೆ ಮೇಲೊಂದು ಕೌದಿ ಹಾಸಿ. ಮನೆಯಲ್ಲಿ ಇದ್ದೇ ಇರುತ್ತದಲ್ಲ.

ಸ್ಲೀಪಿಂಗ್ ಬ್ಯಾಗಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಅವುಗಳ ಮೇಲೆ ಎರಡು ಮೂರು ಡಿಗ್ರಿ ಲೆಕ್ಕ ಬರೆದಿರುತ್ತಾರೆ. ಕಂಫರ್ಟ್ ಅಂತ ಇರುವ ಅಂಕಿಯನ್ನಷ್ಟೇ ನೋಡಿ. ಎಕ್ಸ್‌ಟ್ರೀಮ್ ಅನ್ನುವುದು ಜೀವ ಉಳಿಸಿಕೊಳ್ಳುವ ಲೆಕ್ಕ, ನಿದ್ದೆಯದ್ದಲ್ಲ. ನಮ್ಮ ಡಿಸೆಂಬರ್ ಜನವರಿಗೆ 10ರಿಂದ 15 ಡಿಗ್ರಿ ಕಂಫರ್ಟ್ ಇದ್ದರೆ ಸಾಕು. ಪೂರ್ತಿ ಜಿಪ್ ಬಿಚ್ಚಿದರೆ ಹೊದಿಕೆಯಾಗುವಂಥದ್ದು ಒಳ್ಳೆಯದು. ಹಿಮಾಲಯಕ್ಕೆ ಹೋಗುವವರ ಪುಕ್ಕದ ಬ್ಯಾಗ್ ನಮಗೆ ಒಲೆ ಇದ್ದಂತೆ. ಸದ್ಯಕ್ಕೆ ನೀವು ಗಾಡಿಯಲ್ಲಿ ಹೋಗಿ ಟೆಂಟ್ ಹಾಕುವವರು. ಭಾರದ ಚಿಂತೆ ಇಲ್ಲ. ಕೌದಿ, ಕಂಬಳಿ ಧಾರಾಳ ಆಯ್ತು. ನಮ್ಮ ಸೀಮೆಯ ಕುರಿಗಾರರು ವರ್ಷಪೂರ್ತಿ ಬಯಲಲ್ಲೇ ಮಲಗುವವರು, ಅವರ ಹೆಗಲ ಮೇಲೆ ಇರುವುದು ಒಂದೇ ಕರಿ ಕಂಬಳಿ. ಮಳೆಗೆ ಕೊಪ್ಪೆ, ಬಿಸಿಲಿಗೆ ನೆರಳು, ರಾತ್ರಿಗೆ ಹಾಸಿಗೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗೇ ಇರುತ್ತದೆ. ಹೊತ್ತು ನಡೆಯಲು ಮಾತ್ರ ಭಾರ.

ಟೆಂಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗಂಗಾವತಿ ಕಡೆ ಭತ್ತದ ಗದ್ದೆ ಇದೆ, ಅಂದರೆ ಸೊಳ್ಳೆ ಇದೆ. ನಿಮಗೆ ಬೇಕಾದ್ದು ಮೊದಲು ಒಂದು ಒಳ್ಳೆ ಸೊಳ್ಳೆ ಪರದೆ, ಆಮೇಲೆ ಮಳೆ ತಡೆಯುವ ಹೊದಿಕೆ. ಎರಡು ಪದರದ ಟೆಂಟ್ ಆರಿಸಿ. ಒಳಗಿನದು ಬಹುಪಾಲು ಜಾಲರಿ ಆಗಿರಲಿ, ಹೊರಗಿನ ಹೊದಿಕೆ ಬೇರೆ ತೆಗೆದಿಡುವಂತಿರಲಿ. ಚಳಿಗಾಲದ ಒಣ ರಾತ್ರಿ ಹೊರಹೊದಿಕೆ ತೆಗೆದು ಬರೀ ಜಾಲರಿಯಲ್ಲಿ ಮಲಗಿ. ಗಾಳಿಯೂ ಆಡುತ್ತದೆ, ಮಗಳಿಗೆ ನಕ್ಷತ್ರವೂ ಕಾಣುತ್ತದೆ. ಮಂಜು ಬೀಳುವ ರಾತ್ರಿ ಮಾತ್ರ ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳಿ. ಒಂದೇ ಪದರದ ಅಗ್ಗದ ಟೆಂಟಿನಲ್ಲಿ ನಿಮ್ಮ ಉಸಿರೇ ಒಳಗಿನ ಬಟ್ಟೆಗೆ ಹನಿಯಾಗಿ ಹಾಸಿಗೆ ಮೇಲೆ ತೊಟ್ಟಿಕ್ಕುತ್ತದೆ.

ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರ್‌ನಲ್ಲಿ ಬರೆದಿರುತ್ತಾರೆ. ಬಟ್ಟೆಯ ಮೇಲೆ ಎಷ್ಟು ಎತ್ತರ ನೀರು ನಿಲ್ಲಿಸಿದರೆ ಸೋರಲು ಶುರುವಾಗುತ್ತದೆ ಅನ್ನುವ ಲೆಕ್ಕ ಅದು. ಮೇಲಿನ ಹೊದಿಕೆಗೆ 1500ರಿಂದ 2000, ನೆಲದ ಬಟ್ಟೆಗೆ 3000 ಇದ್ದರೆ ನಮಗೆ ಧಾರಾಳ. ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಕಡೆ ಮಳೆಗಾಲದಲ್ಲಿ ಹೋಗುವ ಆಸೆ ಇದ್ದರೆ ಮಾತ್ರ ಇನ್ನೂ ಮೇಲಿನದು ನೋಡಿ. ಅಲ್ಲಿನ ಕೆಂಪು ಧೂಳು ಜಿಪ್ ಹಲ್ಲುಗಳಲ್ಲಿ ಸೇರಿ ಜಿಪ್ ಕಚ್ಚುತ್ತದೆ. ಹಳೆಯ ಟೂತ್‌ಬ್ರಷ್ ಒಂದನ್ನು ಟೆಂಟ್ ಚೀಲದಲ್ಲೇ ಇಟ್ಟಿರಿ.

ಗೂಟ ಹೊಡೆಯದೆಯೂ ತಾನೇ ನಿಲ್ಲುವ ಟೆಂಟ್ ಬೇಕು. ನಮ್ಮಲ್ಲಿ ಅರ್ಧ ಜಾಗ ಬಂಡೆ, ಗೂಟ ಇಳಿಯುವುದಿಲ್ಲ. ಇನ್ನರ್ಧ ಎರೆ ಭೂಮಿ, ಒಣಗಿದ್ದಾಗ ಬಿರುಕು, ನೆನೆದರೆ ಬೆಣ್ಣೆ. ಗೂಟ ಹೋಗುತ್ತದೆ, ನಿಲ್ಲುವುದಿಲ್ಲ. ಬಂಡೆ ಮೇಲೆ ಕಟ್ಟುವ ಒಂದು ಉಪಾಯ ಹೇಳುತ್ತೇನೆ. ಟೆಂಟ್ ಮೂಲೆಯ ಹಗ್ಗವನ್ನು ತೆಂಗಿನಕಾಯಿ ಗಾತ್ರದ ಕಲ್ಲಿಗೆ ಸುತ್ತಿ ಕಟ್ಟಿ. ಆ ಕಲ್ಲಿಗೂ ಟೆಂಟಿಗೂ ನಡುವೆ, ಹಗ್ಗದ ಮೇಲೆಯೇ, ಎರಡು ಕೈಯಲ್ಲಿ ಎತ್ತುವಂಥ ದೊಡ್ಡ ಕಲ್ಲು ಇಡಿ. ಗಾಳಿ ಎಳೆದಷ್ಟೂ ಚಿಕ್ಕ ಕಲ್ಲು ದೊಡ್ಡದಕ್ಕೆ ಒತ್ತಿಕೊಂಡು ಬಿಗಿಯಾಗುತ್ತದೆ. ಬರೀ ದೊಡ್ಡ ಕಲ್ಲಿಗೆ ಹಗ್ಗ ಸುತ್ತಿದರೆ ಅಂಚಿಗೆ ಉಜ್ಜಿ ಹರಿಯುತ್ತದೆ. ಬೆಳಿಗ್ಗೆ ಹೊರಡುವಾಗ ಕಲ್ಲುಗಳನ್ನು ಎತ್ತಿದ ಜಾಗದಲ್ಲೇ ವಾಪಸ್ ಇಡಿ, ಎತ್ತುವಾಗ ಕೆಳಗೆ ಚೇಳು ಇದೆಯಾ ನೋಡಿಕೊಳ್ಳಿ.

ಕೆಳಗೆ ಹಾಸಲು ಪ್ರತ್ಯೇಕ ಶೀಟ್ ಕೊಳ್ಳಬೇಡಿ. ಜೋಳ ಒಣಹಾಕುವ ತಾಡಪತ್ರಿ ಸಾಕು. ಆದರೆ ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಒಳಗೇ ಇರುವಂತೆ ಮಡಚಿ. ಹೊರಗೆ ಚಾಚಿದ್ದರೆ ಮಳೆ ನೀರನ್ನು ಅದೇ ಹಿಡಿದು ನಿಮ್ಮ ಬೆನ್ನ ಕೆಳಗೆ ತಂದು ನಿಲ್ಲಿಸುತ್ತದೆ.

ಜಾಗ ಆರಿಸುವಾಗ ಅಂಗೈ ಬಳಸಿ. ಫೆಬ್ರುವರಿ ದಾಟಿದ ಮೇಲೆ ರಾತ್ರಿ ಎಂಟಕ್ಕೆ ಬಂಡೆ ಮೇಲೆ ಅಂಗೈ ಇಟ್ಟು ನೋಡಿ. ಹಂಚಿನ ಥರ ಬಿಸಿ ಇರುತ್ತದೆ. ಹಗಲು ಕುಡಿದ ಬಿಸಿಲನ್ನು ಅದು ನಡುರಾತ್ರಿವರೆಗೂ ಬಿಡುತ್ತಲೇ ಇರುತ್ತದೆ. ಆಗ ಮಣ್ಣಿನ ನೆಲಕ್ಕೆ ಹೋಗಿ. ಡಿಸೆಂಬರಿನಲ್ಲಿ ಅದೇ ಬಂಡೆ ಸಂಜೆಗೆ ಹಿತ, ಬೆಳಗಿನ ಜಾವಕ್ಕೆ ಐಸ್. ಮಾರ್ಚ್ ಕಳೆದ ಮೇಲೆ ಮಗುವನ್ನು ಕರೆದುಕೊಂಡು ಹೊರಗೆ ಮಲಗುವ ಯೋಚನೆ ಬೇಡವೇ ಬೇಡ. 40 ಡಿಗ್ರಿ ದಾಟುವ ಊರು ನಮ್ಮದು. ರಾಯಚೂರಿನ ಕಡೆಯಂತೂ ಕೇಳುವುದೇ ಬೇಡ.

ಎಲ್ಲಿ ಹಾಕುವುದು ಅಂದರೆ, ಗೊತ್ತಿರುವವರ ತೋಟದಲ್ಲಿ, ಕೇಳಿ ಹಾಕಿ. ಗುಡ್ಡದ ಮೇಲೆ ಚೆಂದ ಕಂಡಲ್ಲೆಲ್ಲ ಬೇಡ. ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ. ಆನೆಗೊಂದಿ ಸುತ್ತಿನ ಗುಡ್ಡಗಳಲ್ಲಿ ಚಿರತೆ ಇದೆ, ಕರಡಿ ಇದೆ. ಪಕ್ಕದಲ್ಲೇ ದರೋಜಿ ಕರಡಿಧಾಮ ಇದೆಯಲ್ಲ. ಎಲ್ಲೇ ಮಲಗಿದರೂ ಊಟದ ಡಬ್ಬಿ, ಬಾಳೆಹಣ್ಣು, ಬೆಲ್ಲ ಯಾವುದೂ ಟೆಂಟಿನೊಳಗೆ ಬೇಡ, ಗಾಡಿಯಲ್ಲಿ ಇಡಿ. ಜಿಪ್ ಸದಾ ಮುಚ್ಚಿರಲಿ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ.

ಬೆನ್ನಿನ ಬ್ಯಾಗು ಈ ವರ್ಷಕ್ಕೆ ಒಂದೇ ಸಾಕು, 40ರಿಂದ 50 ಲೀಟರಿನದು. ಲೀಟರಿಗಿಂತ ಬೆನ್ನಿನ ಉದ್ದ ಮುಖ್ಯ. ತಲೆ ಬಗ್ಗಿಸಿದಾಗ ಕುತ್ತಿಗೆ ಬುಡದಲ್ಲಿ ಏಳುವ ಮೂಳೆಯಿಂದ, ಸೊಂಟದ ಮೂಳೆಯ ಮೇಲ್ತುದಿಯ ನೇರಕ್ಕೆ ಟೇಪು ಹಿಡಿದು ಅಳೆಯಿರಿ. ಆ ಅಳತೆಗೆ ಬ್ಯಾಗಿನ ಬೆನ್ನು ಹೊಂದಬೇಕು. ಭಾರದ ಹೆಚ್ಚಿನ ಪಾಲು ಸೊಂಟದ ಪಟ್ಟಿ ಹೊರಬೇಕು, ಹೆಗಲು ಅಲ್ಲ. ಸೊಂಟದ ಪಟ್ಟಿ ಬರೀ ತೆಳು ಲಾಡಿಯಾಗಿದ್ದರೆ ಅದು ಅಲಂಕಾರ. ತಂದ ದಿನವೇ ಐದೈದು ಕೆಜಿ ಅಕ್ಕಿಯ ಎರಡು ಚೀಲ ತುಂಬಿ, ನಿಮ್ಮೂರಿನ ಪಾಲ್ಕಿಗುಂಡಿಗೆ ಹತ್ತಿ ಇಳಿಯಿರಿ. ಅಶೋಕನ ಶಾಸನ ಮಗಳಿಗೂ ತೋರಿಸಿದಂತಾಗುತ್ತದೆ. ಇಳಿದ ಮೇಲೆ ಹೆಗಲ ಮೇಲೆ ಕೆಂಪು ಬರೆ ಬಿದ್ದಿದ್ದರೆ ಪಟ್ಟಿ ಸರಿಪಡಿಸಿ, ಆಗಲೂ ಆಗದಿದ್ದರೆ ಬದಲಾಯಿಸಿ. ಬಿಲ್ಲು ಜೋಪಾನ.

ಬಟ್ಟೆ ವಿಚಾರದಲ್ಲಿ ಒಂದು ಮಾತು. ಹತ್ತಿ ಬಟ್ಟೆ ಬೇಡವೇ ಬೇಡ ಅಂತ ಎಲ್ಲರೂ ಹೇಳುತ್ತಾರೆ. ಚಳಿ ದೇಶಕ್ಕೆ ಅದು ಸರಿ. ಒದ್ದೆ ಹತ್ತಿ ಮೈ ತಂಪು ಮಾಡುತ್ತದೆ, ಅಲ್ಲಿ ಅದೇ ಅಪಾಯ. ನಮ್ಮ ಬಿಸಿಲಲ್ಲಿ ಆ ತಂಪೇ ಬೇಕು. ನಡೆಯುವಾಗ ತುಂಬು ತೋಳಿನ ಸಡಿಲ ಹತ್ತಿ ಅಂಗಿ, ತಲೆಗೆ ಒದ್ದೆ ಟವೆಲ್. ನಾನು ಇದನ್ನು ಬಿಟ್ಟು ಬೇರೆ ಹಾಕುವುದಿಲ್ಲ. ದೋಣಿಯಲ್ಲಿ ಮಾತ್ರ ಬೇಗ ಒಣಗುವ ಪಾಲಿಯೆಸ್ಟರ್. ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ಸ್ ಬೇಕು, ಹವಾಯಿ ಚಪ್ಪಲಿ ಪಾಚಿ ಕಟ್ಟಿದ ಬಂಡೆ ಮೇಲೆ ಜಾರುತ್ತದೆ.

ನೀರು ಮನೆಯಿಂದಲೇ ಒಯ್ಯಿರಿ, ತಲೆಗೆ ದಿನಕ್ಕೆ ಐದಾರು ಲೀಟರ್. ಸಣ್ಣ ಫಿಲ್ಟರ್ ಕೊಳ್ಳಲು ಹೋಗಬೇಡಿ. 0.1 ಮೈಕ್ರಾನ್ ಫಿಲ್ಟರ್ ಬ್ಯಾಕ್ಟೀರಿಯಾ ತಡೆಯುತ್ತದೆ, ಗದ್ದೆಯಿಂದ ಬಸಿದು ಬಂದ ಗೊಬ್ಬರ, ಕೀಟನಾಶಕ ತಡೆಯುವುದಿಲ್ಲ. ಗ್ಯಾಸ್ ಒಲೆ ಸಣ್ಣದೊಂದು ಸಾಕು, ಕ್ಯಾನನ್ನು ಮಾತ್ರ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ತಲೆಗೆ ಕಟ್ಟುವ ಟಾರ್ಚ್ ಮೂವರಿಗೂ ಒಂದೊಂದು ಇರಲಿ. ಮಗಳಿಗೆ ತನ್ನದೇ ಟಾರ್ಚ್ ಇದ್ದರೆ ಕತ್ತಲ ಭಯ ಅರ್ಧ ಹೋಗುತ್ತದೆ. 20 ಲೀಟರಿನ ಡ್ರೈ ಬ್ಯಾಗ್, ಅಂದರೆ ನೀರು ಒಳಹೋಗದ ಚೀಲ, ಒಂದು ಬೇಕು. ಬಾಯಿಯನ್ನು ಕನಿಷ್ಠ ಮೂರು ಸುತ್ತು ಸುತ್ತಿ ಬಕಲ್ ಹಾಕಿ, ಒಂದೇ ಸುತ್ತಿಗೆ ನೀರು ನುಗ್ಗುತ್ತದೆ. ಮನೆಯಲ್ಲೇ ಬಕೆಟ್ಟಿನಲ್ಲಿ ಹಳೇ ಪೇಪರ್ ಹಾಕಿ ಮುಳುಗಿಸಿ ಪರೀಕ್ಷೆ ಮಾಡಿ.

ನನ್ನ ಅಂದಾಜಿನಲ್ಲಿ ಜಾಕೆಟ್‌ಗಳಿಗೆ ಆರೇಳು ಸಾವಿರ, ಟೆಂಟಿಗೆ ಏಳೆಂಟು, ಬ್ಯಾಗಿಗೆ ನಾಲ್ಕೈದು, ಮ್ಯಾಟ್, ಟಾರ್ಚ್, ಡ್ರೈ ಬ್ಯಾಗ್ ಎಲ್ಲ ಸೇರಿ ಐದರೊಳಗೆ. ಉಳಿದದ್ದು ಹರಿಗೋಲಿನ ಬಾಡಿಗೆಗೆ, ಮಗಳ ಈಜು ಕಲಿಕೆಗೆ.

ಕೊನೆಗೆ ನಿಮ್ಮ ಮಾವನ ಮಗನ ಟೆಂಟ್. ಬೇಡ ಅನ್ನಬೇಡಿ, ತರಿಸಿ ನೋಡಿ. ಚೀಲ ಬಿಚ್ಚಿದ ತಕ್ಷಣ ಮೂಗು ಹತ್ತಿರ ತನ್ನಿ. ಹುಳಿ ವಾಸನೆ, ವಾಂತಿಯಂಥ ವಾಸನೆ ಬಂದರೆ ಬಟ್ಟೆ ಮೇಲಿನ ನೀರು ತಡೆಯುವ ಲೇಪ ಕೆಟ್ಟಿದೆ ಅಂತ ಅರ್ಥ. ಹೊರಹೊದಿಕೆಯ ಒಳಮೈಯನ್ನು ಬೆರಳಿಂದ ಮುಟ್ಟಿ. ಬೆಲ್ಲದ ಪಾಕದ ಥರ ಅಂಟಿದರೆ ಅದೂ ಅದೇ ಲಕ್ಷಣ. ತೇವ ಇದ್ದಾಗಲೇ ಮಡಚಿಟ್ಟ ಟೆಂಟ್‌ಗಳಿಗೆ ಹೀಗಾಗುತ್ತದೆ. ಅದನ್ನು ಸರಿ ಮಾಡಲು ಆಗುವುದಿಲ್ಲ. ಹೊಲಿಗೆ ಮೇಲಿನ ಟೇಪ್ ಮಾತ್ರ ಏಳುತ್ತಿದ್ದರೆ ಚಿಂತೆ ಇಲ್ಲ, ಕಿತ್ತು ಸೀಮ್ ಸೀಲರ್ (ಹೊಲಿಗೆ ಸೋರದಂತೆ ಬಳಿಯುವ ಅಂಟು) ಹಚ್ಚಬಹುದು. ಮಹಡಿ ಮೇಲೆ ನಿಲ್ಲಿಸಿ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಿ, ನಿಮ್ಮ ಯಜಮಾನರು ಟಾರ್ಚ್ ಹಿಡಿದು ಒಳಗೆ ಕೂತು ಎಲ್ಲಿ ಹನಿ ಬರುತ್ತದೆ ನೋಡಲಿ. ಕೋಲುಗಳು ಫೈಬರ್‌ನವಾದರೆ ಅಂಗೈಯಲ್ಲಿ ಸವರಬೇಡಿ, ಸೀಳಿದ್ದರೆ ಕೂದಲಿನಂಥ ಎಳೆ ಚರ್ಮಕ್ಕೆ ಹೊಕ್ಕು ನವೆಯಾಗುತ್ತದೆ. ಬಟ್ಟೆ ಸುತ್ತಿ ಸವರಿ.

ಹೊರಹೊದಿಕೆ ಕೆಟ್ಟು, ಒಳಗಿನ ಜಾಲರಿ ಮತ್ತು ಜಿಪ್ ಚೆನ್ನಾಗಿದ್ದರೆ ಅದೃಷ್ಟ ಅಂದುಕೊಳ್ಳಿ. ಈ ಚಳಿಗಾಲಕ್ಕೆ ನಿಮಗೆ ಅಷ್ಟೇ ಬೇಕಾದ್ದು. ಮೇಲೊಂದು ತಾಡಪತ್ರಿ ಓರೆಯಾಗಿ ಕಟ್ಟಿಕೊಳ್ಳಿ, ಟೆಂಟಿನ ಏಳೆಂಟು ಸಾವಿರ ಮುಂದಿನ ವರ್ಷದ ಕಯಾಕ್‌ಗೆ ಎತ್ತಿಡಿ.